ಮರ ನುಂಗಿದ ದಾರ

ಮರ ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಸೇರುವವರು ನನ್ನನ್ನು ಮೊದಲು ಕೇಳುವುದು ಎತ್ತರದ ಬಗ್ಗೆ. ಎಷ್ಟು ಎತ್ತರ ಹತ್ತಿದ್ದೀರಿ, ಹೆದರಿಕೆ ಆಗುತ್ತಿರಲಿಲ್ಲವೇ, ಗದಗಿನ ಹೆಣ್ಣುಮಗಳು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಅಷ್ಟು ಮೇಲೆ ಹೇಗೆ ನೇತಾಡಿದಿರಿ ಎಂದೆಲ್ಲ. ಹತ್ತುವುದು ದೊಡ್ಡ ವಿದ್ಯೆಯಲ್ಲ. ಬೈಯುವವರು ಒಬ್ಬರು ಆರು ತಿಂಗಳು ಕೆಳಗೆ ನಿಂತಿದ್ದರೆ ತಾನಾಗಿ ಬರುತ್ತದೆ. ನನಗೆ ತಡವಾಗಿ ಬಂದ ವಿದ್ಯೆ ಬೇರೆ: ಮರಕ್ಕೆ ಕಟ್ಟಿದ್ದನ್ನು ನೆನಪಿಟ್ಟುಕೊಂಡು ಬಿಚ್ಚುವುದು. ಅದನ್ನು ಕಲಿಸಿದ್ದು ಎರಡು ಮರಗಳು. ಒಂದು ನನ್ನ ಕೈಯಲ್ಲೇ ಸತ್ತಿತು. ಇನ್ನೊಂದು ಈಗಲೂ ಫ್ಯಾಕ್ಟೋರಿಯಾ ಎಂಬ ಊರಿನ ಗುಡ್ಡದ ಮೇಲೆ ಒಬ್ಬರ ಹಿತ್ತಲಿನಲ್ಲಿ ನಿಂತಿದೆ, ಹೋದ ವಾರವಷ್ಟೇ ನೋಡಿಕೊಂಡು ಬಂದೆ.

ತೋಟಗಾರಿಕೆ ಓದಿದ್ದೆನಾದರೂ ಕೆಲಸ ಮಾಡಿರಲಿಲ್ಲ. ನಮ್ಮ ಮನೆಯವರಿಗೆ ಹವಾಯಿಯ ಬಂದರಿನಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿತು, ನಾನು ಹಿಂದೆ ಹೋದೆ. ಮನೆಯಲ್ಲಿ ಕೂತು ಬೇಸರ ಹತ್ತಿತು. ಪಕ್ಕದ ಅಂಗಳಕ್ಕೆ ತೆಂಗಿನಕಾಯಿ ಇಳಿಸಲು ಬಂದವರ ಮುಂದೆ ನಿಂತು, ಹಾಗಲ್ಲ ಹೀಗೆ ಎಂದು ಹರಕು ಇಂಗ್ಲಿಷಿನಲ್ಲಿ ಬುದ್ಧಿ ಹೇಳಿದೆ. ಅವರ ಮೇಸ್ತ್ರಿ ಕಿಮೊ, ಅರವತ್ತು ದಾಟಿದ ದಪ್ಪ ಮನುಷ್ಯ, ಅಷ್ಟು ಗೊತ್ತಿದ್ದರೆ ನಾಳೆ ಬಾ ಎಂದ. ಹೋದೆ. ಹದಿನೈದು ದಿನ ಬರೀ ಎಲೆ ಗುಡಿಸಿದೆ.

ಆ ಊರಿನಲ್ಲಿ ಮನೆಯ ಮುಂದಿನ ತೆಂಗಿನಿಂದ ಕಾಯಿ ಕೀಳಿಸುವುದು ತಿನ್ನುವುದಕ್ಕಲ್ಲ, ಯಾರ ತಲೆಯ ಮೇಲೂ ಬೀಳದಿರಲಿ ಎಂದು. ಕಿತ್ತದ್ದನ್ನೆಲ್ಲ ಲಾರಿಗೆ ಎಸೆಯುತ್ತಿದ್ದರು. ಗದಗಿನವಳ ಹೊಟ್ಟೆ ಉರಿಯದೆ ಇರುತ್ತದೆಯೇ? ಮೊದಲ ತಿಂಗಳು ನಮ್ಮ ಮನೆ ತುಂಬ ಕಾಯಿ. ಸಾರಿಗೆ ತೆಂಗು, ಪಲ್ಯಕ್ಕೆ ತೆಂಗು, ಚಟ್ನಿಗಂತೂ ಸರಿಯೇ ಸರಿ. ಇನ್ನೊಂದು ಕಾಯಿ ತಂದರೆ ತಾನು ಬಂದರಿನಲ್ಲೇ ಮಲಗುತ್ತೇನೆ ಎಂದರು ಇವರು.

ಆ ದ್ವೀಪದಲ್ಲಿ ಮರಕ್ಕೆ ರಜೆಯೇ ಇಲ್ಲ. ವರ್ಷವಿಡೀ ಬಿಸಿಲು, ವರ್ಷವಿಡೀ ಮಳೆ, ಆದ್ದರಿಂದ ವರ್ಷವಿಡೀ ಬೆಳವಣಿಗೆ. ಬೇಲಿಗೆ ನೆಟ್ಟ ಗೂಟ ಚಿಗುರುತ್ತಿತ್ತು. ಯುಗಾದಿಗೆ ಕೊಯ್ದ ಕೊಂಬೆಯ ಗಾಯ ದೀಪಾವಳಿಗೆ ಮುಚ್ಚಿರುತ್ತಿತ್ತು. ನಾನು ಓದಿದ ಪುಸ್ತಕಗಳಲ್ಲಿ ಗಾಯಕ್ಕೆ ಡಾಂಬರು ಬಳಿಯಬೇಕೆಂದು ಇತ್ತು, ನಾನೂ ಶ್ರದ್ಧೆಯಿಂದ ಬಳಿದೆ. ಕಿಮೊ ಅದನ್ನು ನೋಡಿ, ಮರಕ್ಕೆ ತನ್ನ ಗಾಯ ಮುಚ್ಚಿಕೊಳ್ಳುವುದು ಗೊತ್ತು, ನಿನ್ನ ಡಾಂಬರಿನಿಂದ ಅದಕ್ಕೆ ಅಡ್ಡಿಯಷ್ಟೇ ಎಂದ. ಮುಂದೆ ಎಲ್ಲ ಪುಸ್ತಕಗಳೂ ಅದನ್ನೇ ಬರೆದವು. ಕಿಮೊ ಒಂದೂ ಪುಸ್ತಕ ಓದಿರಲಿಲ್ಲ. ಹತ್ತುವ ಮೊದಲು ಅಂಗೈಯನ್ನು ಕಾಂಡದ ಮೇಲೆ ಇಟ್ಟು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದ. ನಾನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದೆ. ಒಬ್ಬರನ್ನೊಬ್ಬರು ಯಾಕೆ ಎಂದು ಕೇಳಿಕೊಳ್ಳಲಿಲ್ಲ.

ಅಲ್ಲಿ ಆಲದ ಮರಗಳಿದ್ದವು. ನಾವು ನೋಡಿಕೊಳ್ಳುತ್ತಿದ್ದ ಒಂದು ಬಂಗಲೆಯ ಅಂಗಳದಲ್ಲಿದ್ದ ಆಲ ಎಷ್ಟು ದೊಡ್ಡದೆಂದರೆ, ಅದರ ಬಿಳಲುಗಳ ನಡುವೆ ನಿಂತಾಗ ನನ್ನ ಮಾತು ತಾನಾಗಿ ಮೆಲ್ಲಗಾಗುತ್ತಿತ್ತು. ಕಾರಹುಣ್ಣಿಮೆಗೆ ಮನೆಯೊಡತಿಯನ್ನು ಕೇಳಿ ಅದಕ್ಕೆ ವಟಸಾವಿತ್ರಿಯ ದಾರ ಸುತ್ತಿದೆ. ಗಂಡನಿಗೆ ಆಯುಷ್ಯ ಬೇಡಿ ಹೆಂಡತಿ ಆಲಕ್ಕೆ ಏಳು ಸುತ್ತು ದಾರ ಸುತ್ತುವ ವ್ರತ ಅದು, ನಮ್ಮವ್ವ ಮಾಡುತ್ತಿದ್ದಳು, ನಾನೂ ಮಾಡಿದೆ. ಕಿಮೊ ದಾರದ ಉಂಡೆ ಹಿಡಿದುಕೊಂಡು ನನ್ನ ಹಿಂದೆ ತಿರುಗಿದ. ದಾರವನ್ನು ಬೆರಳಲ್ಲಿ ಎಳೆದು ನೋಡಿ, ಹತ್ತಿಯದಲ್ಲವೇ, ತಾನಾಗಿ ಬಿದ್ದುಹೋಗುತ್ತದೆ, ಹಾಗಾದರೆ ಅಡ್ಡಿಯಿಲ್ಲ ಎಂದ. ಆ ಮಾತಿನ ಬೆಲೆ ಆಗ ನನಗೆ ತಿಳಿಯಲಿಲ್ಲ.

ತಿಳಿದದ್ದು ತೋಶಿಕೊ ಅಜ್ಜಿಯ ಮನೆಯಲ್ಲಿ. ಅವಳ ಅಂಗಳದಲ್ಲಿ ಒಂದು ಎಳೆಯ ದೀವಿಹಲಸಿನ ಮರ, ತೀರಿಹೋದ ಅವಳ ಗಂಡ ಕೊನೆಗೆ ನೆಟ್ಟದ್ದು. ಬಿರುಗಾಳಿಗೆ ಅದು ಬುಡಸಮೇತ ವಾಲಿತು. ನಾವು ಎತ್ತಿ ನಿಲ್ಲಿಸಿ, ಮೂರು ಗೂಟ ಹೊಡೆದು, ಅಗಲದ ನೈಲಾನ್ ಪಟ್ಟಿಯಿಂದ ಕಟ್ಟಿದೆವು. ಬೇರು ಹಿಡಿದ ಮೇಲೆ ಪಟ್ಟಿ ಬಿಚ್ಚುವುದು ನನ್ನ ಕೆಲಸವೆಂದು ಕಿಮೊ ಹೇಳಿದ. ನಾನು ಮರೆತೆ. ಬೇರೆ ನೆಪವಿಲ್ಲ, ಮರೆತೆ. ಮುಂದಿನ ವರ್ಷದ ಗಾಳಿಗೆ ಮರ ಸರಿಯಾಗಿ ಆ ಪಟ್ಟಿಯ ಹತ್ತಿರ ಕಟ್ಟಿಗೆಯ ಹಾಗೆ ಮುರಿಯಿತು. ಹೋಗಿ ನೋಡಿದರೆ ಪಟ್ಟಿ ಕಾಣಿಸಲೇ ಇಲ್ಲ. ಮರ ಅದರ ಸುತ್ತ ಬೆಳೆದು ನುಂಗಿಬಿಟ್ಟಿತ್ತು.

ಅಜ್ಜಿ ನನ್ನನ್ನು ಒಳಗೆ ಕರೆದು ಚಹಾ ಕೊಟ್ಟಳು. ಬೈದಿದ್ದರೆ ನಾನು ಇಷ್ಟು ವರ್ಷ ನೆನಪಿಡುತ್ತಿರಲಿಲ್ಲವೋ ಏನೋ. ಕಿಮೊ ಆ ಜಾಗವನ್ನು ಗರಗಸದಿಂದ ಬಿಲ್ಲೆಯ ಹಾಗೆ ಕೊಯ್ದು ಶೆಡ್ಡಿನ ಮೊಳೆಗೆ ನೇತುಹಾಕಿದ. ಮರದೊಳಗೆ ಉಂಗುರದಂತೆ ಕೂತ ಕಪ್ಪು ಪಟ್ಟಿ ಅದರಲ್ಲಿ ಎದ್ದು ಕಾಣುತ್ತಿತ್ತು. ನಾವು ದ್ವೀಪ ಬಿಟ್ಟ ದಿನ ಅದನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ನನ್ನ ಕೈಗಿಟ್ಟ. ನನ್ನ ವೃತ್ತಿಯಲ್ಲಿ ನನಗೆ ಬಂದ ಸರ್ಟಿಫಿಕೇಟುಗಳಲ್ಲಿ ನಾನು ಜೋಪಾನವಾಗಿ ಇಟ್ಟುಕೊಂಡದ್ದು ಅದೊಂದೇ.

ಎರಡು ಸಾವಿರದ ದಶಕ ಆಗಷ್ಟೇ ಶುರುವಾಗಿತ್ತು. ಇವರಿಗೆ ಸಾಗರದಾಚೆ, ಉತ್ತರದ ಚಳಿ ಕರಾವಳಿಯ ಮುಕಿಲ್ಟಿಯೊ ಎಂಬ ಊರಿನ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಕೆಲಸವಾಯಿತು. ನಾನು ಅಲ್ಲೇ ಒಂದು ಸಣ್ಣ ಮರದ ಕಂಪನಿ ಸೇರಿದೆ. ಒಡತಿ ಲಿಂಡಾ, ನನಗಿಂತ ಐದು ವರ್ಷ ಚಿಕ್ಕವಳು, ಮಾತಿನಲ್ಲಿ ಬಲು ಖಡಕ್ಕು. ನನ್ನ ದ್ವೀಪದ ವಿದ್ಯೆ ಇಲ್ಲಿ ಅರ್ಧಕ್ಕರ್ಧ ಉಪಯೋಗಕ್ಕೆ ಬರಲಿಲ್ಲ. ಇಲ್ಲಿ ಮರ ಚಳಿಗಾಲದಲ್ಲಿ ಮಲಗುತ್ತದೆ. ಮಳೆ ಸುರಿಯುವ ಕಾಲದಲ್ಲಿ ಬೆಳೆಯುವುದಿಲ್ಲ, ಬೆಳೆಯುವ ಕಾಲದಲ್ಲಿ ಮಳೆಯಿಲ್ಲ. ಆರು ತಿಂಗಳಲ್ಲಿ ಮುಚ್ಚುತ್ತಿದ್ದ ಗಾಯ ಇಲ್ಲಿ ಆರು ವರ್ಷ ಬೇಡುತ್ತದೆ. ಮೊದಲ ವರ್ಷ ನಾನು ಒಂದು ಚೆರಿ ಮರವನ್ನು ದ್ವೀಪದ ಅಳತೆಯಲ್ಲಿ ಸವರಿದೆ. ಅದರ ಮುಂದೆ ಲಿಂಡಾ ಸೊಂಟಕ್ಕೆ ಕೈಯಿಟ್ಟು ನಿಂತ ಭಂಗಿ ಈಗಲೂ ಕಣ್ಣಿಗೆ ಕಟ್ಟಿದೆ.

ಮೊದಲ ಸಲ ಡಗ್ಲಸ್ ಫರ್ ಮರದ ತುದಿಗೆ ಹೋದಾಗ ನಾನು ಕೆಲಸ ಮರೆತು ಕೂತೆ. ಕೆಳಗೆ ಮನೆಗಳು ಬೆಂಕಿಪೊಟ್ಟಣಗಳು, ಆಚೆ ನೀರು, ನೀರಿನ ಆಚೆ ಹಿಮದ ಬೆಟ್ಟ, ನನ್ನ ಕೆಳಗೆ ಮರ ಬಹಳ ನಿಧಾನವಾಗಿ ತೂಗುತ್ತಿತ್ತು. ಆದರೆ ಅದಕ್ಕಿಂತ ಹೆಚ್ಚು ನನ್ನನ್ನು ಬೆರಗಾಗಿಸಿದ್ದು ಒಂದು ಮುದಿ ಮೇಪಲ್. ದಪ್ಪ ಕೊಂಬೆಯ ಮೇಲಿನ ಪಾಚಿಯನ್ನು ಲಿಂಡಾ ಕಂಬಳಿಯಂತೆ ಎತ್ತಿ, ನೋಡು ಎಂದಳು. ಪಾಚಿಯ ಕೆಳಗೆ ಕಪ್ಪು ಮಣ್ಣು. ನೆಲದಿಂದ ನಾಲ್ಕಾಳು ಎತ್ತರದಲ್ಲಿ ಮಣ್ಣು! ಅದರೊಳಕ್ಕೆ ಕೊಂಬೆಯಿಂದಲೇ ಹೊರಟ ಬೇರುಗಳು. ತನ್ನ ಮೈಮೇಲೆ ಬಿದ್ದ ಕಸದಿಂದ ಮಣ್ಣು ಮಾಡಿಕೊಂಡು ಅದರಲ್ಲೇ ಆ ಮರ ಬೇರು ಬಿಟ್ಟಿತ್ತು. ನಮ್ಮ ಆಲ ಬಿಳಲು ಬಿಟ್ಟ ಹಾಗೆಯೇ, ಆದರೆ ಗುಟ್ಟಾಗಿ. ಅಂದು ಸಂಜೆ ಮನೆಗೆ ಹೋಗಿ ಇವರ ಮುಂದೆ ಅದನ್ನೇ ಹೇಳಿದೆ. ಇವರು ಉಣ್ಣುವುದನ್ನು ನಿಲ್ಲಿಸಿ ಕೇಳಿದರು.

ಅದಾದ ಎರಡನೆಯ ವರ್ಷ ಇವರು ಹೋದರು. ಮುಕಿಲ್ಟಿಯೊದಲ್ಲಿ ಫೆರಿಗೆ ಕಾಯುವ ಕಾರುಗಳ ಸಾಲಿನಲ್ಲಿ ಕೂತಿದ್ದವರು. ಹಡಗು ಬಂತು, ಮುಂದಿನ ಕಾರು ಹೊರಟಿತು, ಇವರ ಕಾರು ಹೊರಡಲಿಲ್ಲ. ಖರೇ ಆಲಕ್ಕೆ ಖರೇ ಹತ್ತಿಯ ದಾರ ಸುತ್ತಿದವಳು ನಾನು. ಆಮೇಲೆ ಆ ವ್ರತದ ಬಗ್ಗೆ ನಾನು ಯೋಚಿಸಲಿಲ್ಲ, ಬೈಯಲೂ ಇಲ್ಲ. ಹನ್ನೊಂದು ದಿನ ಕಳೆದು ಲಿಂಡಾ ಬಂದು, ಒಂದು ಓಕ್ ಮರ ನೋಡುವುದಿದೆ, ನನಗೆ ಒಬ್ಬಳಿಗೆ ತಿಳಿಯುತ್ತಿಲ್ಲ ಎಂದು ಸುಳ್ಳು ಹೇಳಿ ಕರೆದುಕೊಂಡು ಹೋದಳು.

ಇನ್ನು ಮುಕಿಲ್ಟಿಯೊದ ದಕ್ಷಿಣಕ್ಕಿರುವ ಫ್ಯಾಕ್ಟೋರಿಯಾದ ಕಥೆ. ಅದು ದಶಕದ ನಡುಭಾಗ. ಆಗಸ್ಟ್‌ನಲ್ಲಿ ಗಿರೀಶ ಎಂಬ ಬಾಗಲಕೋಟೆಯ ಹುಡುಗ ಫೋನ್ ಮಾಡಿದ. ಹುಡುಗ ಅಂದರೆ ನಲವತ್ತರ ಮೇಲಿನವನೇ, ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಹಿತ್ತಲಿನ ಮೇಪಲ್ ಎಲೆ ಈಗಲೇ ಹಳದಿ ಆಗಿ ಉದುರುತ್ತಿವೆ, ಏನೋ ಡಿಸೀಸ್ ಇರಬೇಕು, ಬಂದು ಚೆಕ್ ಮಾಡಿ ಎಂದ. ಹೋದೆ. ಅವನ ಹೆಂಡತಿ ವಿದ್ಯಾ ಬಾಗಿಲಲ್ಲೇ ನೀರು ಬೆಲ್ಲ ಕೊಟ್ಟು ಕರೆದಳು. ಮರ ಮನೆಯ ಮಲಗುವ ಕೋಣೆಗೆ ಹತ್ತು ಹೆಜ್ಜೆ ದೂರದಲ್ಲಿತ್ತು, ನನ್ನ ತೊಡೆಗಿಂತ ಸ್ವಲ್ಪ ದಪ್ಪ ಕಾಂಡ. ಎದೆಯ ಎತ್ತರದಲ್ಲಿ ಕಾಂಡ ಕೊಡದ ಹೊಟ್ಟೆಯಂತೆ ಉಬ್ಬಿ, ಅದರ ಕೆಳಗೆ ಒಮ್ಮೆಲೇ ಸಣ್ಣದಾಗಿತ್ತು. ಆ ಸಂದಿಗೆ ಬೆರಳು ಹಾಕಿದೆ. ಉಗುರಿಗೆ ಅರಿಶಿನ ಹತ್ತಿತು.

ಜೇಬಿನಿಂದ ಚಾಕು ತೆಗೆದೆ. ಕೆದಕಿದರೆ ನೈಲಾನ್ ದಾರ, ಸುತ್ತಿನ ಮೇಲೆ ಸುತ್ತು, ನಾಲ್ಕು ವರ್ಷದ ಏಳೇಳು ಸುತ್ತು. ಎಲೆ ಮಾಡಿದ ಅನ್ನ ತೊಗಟೆಯ ಒಳಪದರಿನಲ್ಲಿ ಬೇರಿಗೆ ಇಳಿಯಬೇಕು. ದಾರ ಆ ದಾರಿಯನ್ನು ಬಿಗಿದು ಮುಚ್ಚಿತ್ತು. ಮೇಲೆ ಅನ್ನ ಗಂಟಾಗಿ ಉಬ್ಬಿತ್ತು, ಕೆಳಗೆ ಬೇರು ಉಪವಾಸ ಬಿದ್ದಿತ್ತು.

ವಿದ್ಯಾ ಮರೆಮಾಚಲಿಲ್ಲ. ಈ ದೇಶಕ್ಕೆ ಬಂದ ವರ್ಷ ಆಲ ಸಿಗಲಿಲ್ಲವೆಂದು ಇದಕ್ಕೇ ದಾರ ಸುತ್ತಿದ್ದಳು. ಹುಬ್ಬಳ್ಳಿ ಗದಗಿನ ಗೆಳತಿಯರೂ ಆರತಿಗೆ ಬರತೊಡಗಿದರು. ಮೊದಲು ಹತ್ತಿಯದೇ. ಅದು ಇಲ್ಲಿನ ಮಳೆಗೆ ನೆನೆದು ಹರಿದು ಬಿತ್ತು, ಬಿದ್ದ ತಿಂಗಳಿಗೆ ಗಿರೀಶನಿಗೆ ಎದೆನೋವು ಬಂದು ಬೈಪಾಸ್ ಆಪರೇಶನ್ ಆಯಿತು. ಮುಂದಿನ ಕಾರಹುಣ್ಣಿಮೆಗೆ ಅವಳು ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಎಂದಿಗೂ ಹರಿಯದ ದಾರ ಯಾವುದೆಂದು ಕೇಳಿ ತಂದಳು. ಅದಕ್ಕೆ ಅರಿಶಿನ ಹಚ್ಚಿದಳು. ಗಿರೀಶನಿಗೆ ಮತ್ತೆ ಏನೂ ಆಗಲಿಲ್ಲ.

ಲಿಂಡಾ ಬಂದು ನೋಡಿ, ಚಳಿಗಾಲದ ಗಾಳಿಗೆ ಈ ಮರ ಇಲ್ಲೇ ಮುರಿದು ಕೋಣೆಯ ಮೇಲೆ ಬೀಳುತ್ತದೆ, ಕಡಿಯುವುದು ಒಳ್ಳೆಯದು ಎಂದು ಬರೆದುಕೊಟ್ಟಳು. ನಾನು, ದಾರ ಕತ್ತರಿಸಿ ನೋಡೋಣ ಎಂದೆ. ವಿದ್ಯಾ ಎರಡಕ್ಕೂ ಒಪ್ಪಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವಂತಹ ಸಂಕಟ ಅವಳದು, ಆದರೆ ಇಲ್ಲಿ ಸಾಯುತ್ತಿದ್ದದ್ದು ಅವಳೇ ಪೂಜಿಸಿದ ಮರ.

"ಅಕ್ಕಾರ, ಏನ್ ಬೇಕಾದ್ದು ಮಾಡ್ರಿ. ದಾರಾ ಮಾತ್ರ ಮುಟ್ಟಬ್ಯಾಡ್ರಿ," ಅಂದಳು. ಅಂದವಳ ಕಣ್ಣು ಒಂದು ಗಳಿಗೆ ನನ್ನ ಬರಿಯ ಹಣೆಯ ಮೇಲೆ ನಿಂತು ಕೆಳಗಿಳಿಯಿತು. ನನಗೆ ತಿಳಿಯಿತು. ಸಿಟ್ಟು ಬಂತು, ಬಂದಷ್ಟೇ ಬೇಗ ಹೋಯಿತು. ಅವಳ ಜಾಗದಲ್ಲಿ ನಾನಿದ್ದರೂ ವಿಧವೆಯ ಕೈಗೆ ಆ ಕತ್ತರಿ ಕೊಡಲು ಅಂಜುತ್ತಿದ್ದೆ. ಬೇಕಾದರೆ ಲಿಂಡಾಳನ್ನು ಕಳಿಸುತ್ತೇನೆ, ಆಕೆಯ ಗಂಡ ಗುಂಡುಕಲ್ಲಿನ ಹಾಗಿದ್ದಾನೆ ಎಂದೆ. ಅವಳು ನಗಲಿಲ್ಲ. ಹೊರಡುವಾಗ ಗಾಡಿಯಿಂದ ಕಿಮೊ ಕೊಟ್ಟ ಬಿಲ್ಲೆ ತಂದು ಅವರ ಊಟದ ಮೇಜಿನ ಮೇಲಿಟ್ಟೆ. ಇದನ್ನು ಕೊಂದವಳು ನಾನು, ಬಿಚ್ಚಲು ಮರೆತಿದ್ದೆ ಎಂದಷ್ಟೇ ಹೇಳಿದೆ.

ಹತ್ತು ದಿನ ಸುದ್ದಿಯಿಲ್ಲ. ಆಮೇಲೆ ಗಿರೀಶ ಕರೆದ. ದಾರ ತೆಗೆದರೆ ಕೆಳಗೆ ಸತ್ತ ತೊಗಟೆಯ ಉಂಗುರ ಉಳಿಯುತ್ತದಲ್ಲ, ಅದನ್ನು ಮುಂದೇನು ಮಾಡುತ್ತೀರಿ ಎಂದು ಇಬ್ಬರೂ ಎದುರು ಕೂತು ಕೇಳಿದರು. ಆ ಮರದ್ದೇ ಎಳೆಯ ಕಡ್ಡಿಗಳನ್ನು ಚಳಿಗಾಲದಲ್ಲಿ ತೆಗೆದಿಟ್ಟು, ವಸಂತದಲ್ಲಿ ಒಂದು ತುದಿಯನ್ನು ಗಾಯದ ಕೆಳಗಿನ ತೊಗಟೆಗೂ ಇನ್ನೊಂದನ್ನು ಮೇಲಿನದಕ್ಕೂ ಕಸಿ ಮಾಡಬೇಕು, ಹಿಡಿದರೆ ಅನ್ನ ಆ ಕಡ್ಡಿಗಳೊಳಗಿಂದ ಇಳಿಯುತ್ತದೆ ಎಂದೆ. ಸೇತುವೆ ಕಸಿ ಅನ್ನುತ್ತಾರೆ. ನಾನು ಪುಸ್ತಕದಲ್ಲಿ ಓದಿದ್ದೆ, ಕಾಲೇಜಿನಲ್ಲಿ ಮಾವಿನ ಸಸಿಗೆ ಒಮ್ಮೆ ಮಾಡಿದ್ದೆ, ಇಷ್ಟು ದೊಡ್ಡ ಮರಕ್ಕೆ ಮಾಡಿರಲಿಲ್ಲ ಎಂಬುದನ್ನೂ ಹೇಳಿದೆ.

ಗಿರೀಶ ಬಗ್ಗಿ ಪ್ಯಾಂಟಿನ ಒಂದು ಕಾಲನ್ನು ಮೊಳಕಾಲ ತನಕ ಮಡಚಿದ. ಪಾದದ ಕೀಲಿನಿಂದ ಮೇಲಕ್ಕೆ ಉದ್ದನೆಯ ಹೊಲಿಗೆಯ ಗುರುತು.

"ನಂಗೂ ಇದನ್ನs ಮಾಡ್ಯಾರಲ್ರಿ," ಅಂದ. "ಕಾಲಿನ ನರಾ ತಗದು ಎದಿಗೆ ಹಚ್ಯಾರ. ಬ್ಲಾಕ್ ಆದಲ್ಲಿ ಸುತ್ತಿ ಹೋಗಾಕ ದಾರಿ ಮಾಡ್ಯಾರ."

ವಿದ್ಯಾ ಆ ಗುರುತನ್ನು ಮೊದಲ ಸಲ ನೋಡುವವಳ ಹಾಗೆ ನೋಡಿದಳು. ನನ್ನ ಕಡೆ ತಿರುಗಿ, "ಕಟ್ಟಿದಾಕಿ ನಾನು, ಬಿಚ್ಚಾಕೀನೂ ನಾನs," ಅಂದಳು. "ನಂಗ ಕೈ ನಡಗ್ತಾವ. ನೀವು ನನ್ನ ಕೈ ಹಿಡೀರಿ ಅಕ್ಕಾರ."

ಆ ಶನಿವಾರ ಬೆಳಿಗ್ಗೆ ನಾವು ಮೂವರು ಮರದ ಹತ್ತಿರ ನಿಂತೆವು. ವಿದ್ಯಾ ಅರಿಶಿನ ಕುಂಕುಮ ಹಚ್ಚಿ, ಗಿರೀಶನನ್ನು ತನಗೆ ಕಾಣುವ ಹಾಗೆ ಎದುರಿಗೆ ನಿಲ್ಲಿಸಿದಳು. ಅವಳ ಕೈಯಲ್ಲಿ ಕೊಕ್ಕೆ ಚಾಕು, ಅವಳ ಮುಂಗೈ ನನ್ನ ಕೈಯಲ್ಲಿ. ಒಂದು ಎಳೆ ಕತ್ತರಿಸಿದಾಗ ಟಪ್ ಎಂದು ಸಣ್ಣ ಸದ್ದು ಬಂತು. ಅವಳು ತಟ್ಟನೆ ತಲೆಯೆತ್ತಿ ಗಂಡನ ಮುಖ ನೋಡಿದಳು.

"ಅದೀನಿ," ಅಂದ ಗಿರೀಶ.

ಇನ್ನೊಂದು ಎಳೆ. ಮತ್ತೆ ನೋಡಿದಳು. "ಅದೀನಿ." ಇಪ್ಪತ್ತೆಂಟು ಸುತ್ತಿಗೆ ಇಪ್ಪತ್ತೆಂಟು ಸಲ ಅವನು ಹಾಗೆಂದ, ಒಮ್ಮೆಯೂ ಬೇಸರಿಸದೆ. ಕೊನೆಯ ಎಳೆಗಳು ಮರದೊಳಗೆ ಹೂತಿದ್ದವು, ಅವನ್ನು ಉಳಿಯಿಂದ ತೆಗೆಯಬೇಕಾಯಿತು. ಮುಗಿದ ಮೇಲೆ ವಿದ್ಯಾ ಹುಲ್ಲಿನ ಮೇಲೆ ಕೂತು ಅತ್ತಳು. ನಾನು ಉಪಕರಣ ಒರೆಸುವ ನೆಪದಲ್ಲಿ ಗಾಡಿಯ ಹಿಂದೆ ಹೋದೆ. ಫೆರಿಯ ಸಾಲಿನಲ್ಲಿ ಹಾಗೆ ಕೇಳಲು ಯಾರೂ ಇರಲಿಲ್ಲವಲ್ಲ ಎಂದು ನನಗೂ ಅಳು ಬಂತು.

ಮರ ಹಗುರಾಗಲೆಂದು ಮೇಲಿನ ಕೊಂಬೆಗಳನ್ನು ಸವರಿದೆ. ಲಿಂಡಾ ಗೊಣಗುತ್ತಲೇ ಒಪ್ಪಿದಳು, ಆದರೆ ಬೇಸಿಗೆ ಬರುವ ತನಕ ಆ ಕೋಣೆಯಲ್ಲಿ ಯಾರೂ ಮಲಗಬಾರದೆಂದು ಕಟ್ಟಪ್ಪಣೆ ಮಾಡಿದಳು. ಜನವರಿಯಲ್ಲಿ ಕಡ್ಡಿ ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ವಿದ್ಯಾಳ ಫ್ರಿಜ್ಜಿನಲ್ಲಿ ಕೊತ್ತಂಬರಿಯ ಪಕ್ಕ ಇಟ್ಟೆವು. ಗಾಳಿ ಬೀಸಿದ ರಾತ್ರಿಗಳ ಮರುದಿನ ಬೆಳಿಗ್ಗೆ ಅವಳಿಂದ ಫೋನ್ ಬರುತ್ತಿತ್ತು, ನಿಂತೈತ್ರಿ ಎಂದು.

ಏಪ್ರಿಲ್‌ನಲ್ಲಿ ಮೊಗ್ಗು ಉಬ್ಬಿ ತೊಗಟೆ ಸಡಿಲವಾದಾಗ ಕಸಿ ಮಾಡಿದೆ. ಐದು ಕಡ್ಡಿ. ಗಾಳಿಗೆ ಮರ ತೂಗಿದರೂ ಕೀಳದಂತೆ ಒಂದೊಂದನ್ನೂ ಸ್ವಲ್ಪ ಬಿಲ್ಲಿನಂತೆ ಬಗ್ಗಿಸಿ ಕೂಡಿಸಬೇಕು. ಚಿಕ್ಕ ಮೊಳೆ ಹೊಡೆದು ಮೇಣ ಮೆತ್ತಿದೆ. ಇಲ್ಲಿಯೂ ಒಂದು ತಪ್ಪು ಮಾಡಿದೆ, ಹೊಸಬರು ಗಮನಿಸಿ: ಐದರಲ್ಲಿ ಒಂದನ್ನು ತಲೆಕೆಳಗಾಗಿ ಕೂಡಿಸಿದ್ದೆ. ಬುಡದ ತುದಿ ಬುಡಕ್ಕೇ ಇರಬೇಕು. ಅದು ವರ್ಷದೊಳಗೆ ಒಣಗಿತು. ಕಡ್ಡಿ ಕೊಯ್ಯುವಾಗಲೇ ಮೇಲಿನ ತುದಿಗೆ ಗುರುತು ಹಾಕಿ, ನನ್ನ ಹಾಗೆ ನೆನಪನ್ನು ನಂಬಬೇಡಿ.

ಕಸಿಯನ್ನು ಬಿಗಿಯಾಗಿ ಹಿಡಿದಿಡಲು ಮೇಲೆ ಏನಾದರೂ ಸುತ್ತಬೇಕು. ನಾನು ರಬ್ಬರ್ ಪಟ್ಟಿ ತಂದಿದ್ದೆ. ವಿದ್ಯಾ ಒಳಗೆ ಹೋಗಿ ಹತ್ತಿಯ ದಾರದ ಉಂಡೆ ತಂದಳು, ಅರಿಶಿನ ಹಚ್ಚಿದ್ದು. ಇದು ಸಾಕಾಗುತ್ತದೆಯೇ ಎಂದು ಕೇಳಿದಳು. ಬೇಸಿಗೆಯವರೆಗೆ ತಡೆದರೆ ಸಾಕು, ಮಳೆಗಾಲಕ್ಕೆ ತಾನಾಗಿ ಬಿದ್ದುಹೋಗುತ್ತದೆ, ಹಾಗಾದರೆ ಅಡ್ಡಿಯಿಲ್ಲ ಎಂದೆ. ಹೇಳುವಾಗ ನನ್ನ ಬಾಯಲ್ಲಿ ಕಿಮೊ ಮಾತಾಡಿದಂತಾಯಿತು. ಕಾರಹುಣ್ಣಿಮೆ ಇನ್ನೂ ಎರಡು ತಿಂಗಳು ದೂರವಿತ್ತು. ಅವಳು ಆರು ಸುತ್ತು ಸುತ್ತಿದಳು. ಏಳನೆಯದಕ್ಕೆ ಉಂಡೆಯನ್ನು ನನ್ನ ಕೈಗೆ ಕೊಟ್ಟಳು. ಅದನ್ನು ನಾನು ಸುತ್ತಿದೆ. ಇವರು ಹೋದ ಮೇಲೆ ಯಾರೂ ನನ್ನ ಕೈಗೆ ಅಂಥದ್ದು ಕೊಟ್ಟಿರಲಿಲ್ಲ.

ಮೇ ತಿಂಗಳಲ್ಲಿ ನಾಲ್ಕು ಕಡ್ಡಿಗಳು ಚಿಗುರಿದವು. ಆ ಚಿಗುರನ್ನು ಉಜ್ಜಿ ತೆಗೆಯಬೇಕು, ಕಡ್ಡಿಯ ಕೆಲಸ ಎಲೆ ಬಿಡುವುದಲ್ಲ, ದಾರಿಯಾಗುವುದು. ಬೆರಳಿನಷ್ಟು ದಪ್ಪದ ನಾಲ್ಕು ಕಡ್ಡಿಗಳು ಒಂದು ಇಡೀ ಮರಕ್ಕೆ ಉಣಿಸುತ್ತಿದ್ದವು. ಇದರ ವಿಜ್ಞಾನವನ್ನೆಲ್ಲ ನಾನು ಹೇಳಬಲ್ಲೆ, ಹಾಳೆಯ ಮೇಲೆ ಚಿತ್ರ ಬರೆದೂ ತೋರಿಸಬಲ್ಲೆ. ಆದರೂ ಆ ದಿನ ಆ ಮರದ ಮುಂದೆ ನಾನು ಚಪ್ಪಲಿ ಬಿಚ್ಚಿ ನಿಂತದ್ದು ನಿಜ.

ಹೋದ ವಾರ ಹೋದಾಗ ಮರವನ್ನು ಗುರುತಿಸಲು ಒಂದು ಗಳಿಗೆ ಬೇಕಾಯಿತು. ನಾಲ್ಕೂ ಕಡ್ಡಿಗಳು ಈಗ ನನ್ನ ತೋಳಿನಷ್ಟು ದಪ್ಪ. ಮೇಲಿನ ಉಬ್ಬಿನಿಂದ ಹೊರಟು, ಬಿಲ್ಲಿನಂತೆ ಹೊರಬಾಗಿ, ಗಾಯವನ್ನು ದಾಟಿ ಕೆಳಗೆ ಕೂಡಿಕೊಂಡಿವೆ. ದೂರದಿಂದ ನೋಡಿದರೆ ಬಿಳಲುಗಳೇ. ಮನೆಗೆ ಬಂದವರಿಗೆ ವಿದ್ಯಾ ಇದು ನಮ್ಮ ಆಲ ಎಂದೇ ತೋರಿಸುತ್ತಾಳಂತೆ. ಬುಡದಲ್ಲಿ ಈ ವರ್ಷದ ಹತ್ತಿಯ ದಾರ ಮಳೆಗೆ ಕೊಳೆತು ತುಂಡುತುಂಡಾಗಿ ಹುಲ್ಲಿನಲ್ಲಿ ಬಿದ್ದಿತ್ತು. ಅದನ್ನು ನೋಡಿ ಈಗ ಅವಳು ಅಂಜುವುದಿಲ್ಲ.

ಗಿರೀಶನ ಎದೆಗೂ ಈ ಮರಕ್ಕೂ ಸಂಬಂಧವಿಲ್ಲವೆಂದು ನನ್ನ ಓದು ಹೇಳುತ್ತದೆ, ನಾನು ನಂಬುತ್ತೇನೆ. ಅವನು ಮರದ ಆಚೆ ಬದಿ ಎಲೆ ಗುಡಿಸುತ್ತಿದ್ದ, ತಲೆ ಪೂರಾ ಬಿಳಿ. ಕಾಂಡದ ಮರೆಯಲ್ಲಿ ನನಗೆ ಕಾಣಲಿಲ್ಲ. ನಾನು ಅಂಗೈಯನ್ನು ತೊಗಟೆಯ ಮೇಲಿಟ್ಟು, "ಗಿರೀಶ, ಎಲ್ಲಿದೀಯಪ್ಪಾ?" ಎಂದು ಕೂಗಿದೆ.

"ಅದೀನಿ ಅಕ್ಕಾರ," ಎಂದು ಮರದ ಹಿಂದಿನಿಂದ ದನಿ ಬಂತು.